ಲುಡಿಂಗ್ಟನ್‌ನಲ್ಲಿ ಟೆಂಟು, ಮರಳು, ಹತ್ತದ ಸೌದೆ

ನಮಸ್ಕಾರ ಎಲ್ಲರಿಗೂ. ಕಾರಿನ ಕಿಟಕಿಯಲ್ಲಿ ಎಡಗಡೆ ಕಾಣುತ್ತಿರುವ ನೀರು ಸಮುದ್ರ ಅಲ್ಲ, ಲೇಕ್ ಮಿಶಿಗನ್. ಬಲಗಡೆ ಮರಳು ದಿಬ್ಬ. ಈ ರಸ್ತೆ ಎಂ-116. ಲುಡಿಂಗ್ಟನ್ ಊರಿಂದ ಹೊರಟು ಲುಡಿಂಗ್ಟನ್ ಸ್ಟೇಟ್ ಪಾರ್ಕ್ ಒಳಗೆ ಹೋಗಿ ಮುಗಿದುಹೋಗುತ್ತದೆ. ಟಾರಿನ ಅಂಚಿಗೆ ಮರಳು ಬಂದು ಕೂತಿದೆ ನೋಡಿ. ಯಂತ್ರ ತಂದು ತಳ್ಳುತ್ತಾರೆ, ಗಾಳಿ ಮತ್ತೆ ತಂದು ಹಾಕುತ್ತದೆ. ಹೋಟೆಲ್ ಇಲ್ಲ, ಅಂಗಡಿ ಇಲ್ಲ. ಬೇಕಾದ ಕಡೆ ಪಕ್ಕಕ್ಕೆ ಕಾರು ನಿಲ್ಲಿಸಿ ಇಳಿದರೆ ನೀರು. ಮಿಶಿಗನ್‌ನಲ್ಲಿ ನನಗೆ ಇದಕ್ಕಿಂತ ಒಳ್ಳೆಯ ರಸ್ತೆ ಗೊತ್ತಿಲ್ಲ.

ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಿಂದ ಇಲ್ಲಿಗೆ ನಾಲ್ಕು ಗಂಟೆ ದಾರಿ. ಮಧ್ಯೆ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ. ಈ ಸಲ ಅಮ್ಮ ಜೊತೆಗಿದ್ದಾರೆ. ಅಮ್ಮನ ತವರು ತಿ. ನರಸೀಪುರದ ಕಡೆ. ಆ ವಿಷಯ ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಟೆಂಟ್ ಹಾಕೋದನ್ನ ಫಾಸ್ಟ್ ಆಗಿ ಓಡಿಸುತ್ತಿದ್ದೇನೆ, ನೋಡ್ತಾ ಇರಿ. ಒಂದೇ ಮಾತು. ಟೆಂಟಿನ ಜೊತೆ ಬರುವ ತೆಳ್ಳನೆ ಗೂಟ ಇಲ್ಲಿ ನಿಲ್ಲೋದಿಲ್ಲ. ಕೆಳಗೆಲ್ಲ ಮರಳು. ಉದ್ದದ, ಅಗಲದ ಗೂಟ ಬೇಕು. ನಮ್ಮ ಸೈಟು, ಅಂದರೆ ಟೆಂಟ್ ಹಾಕೋ ಜಾಗ, ಪೈನ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿದೆ. ಸೀಡರ್, ಬೀಚ್‌ವುಡ್ ಅಂತ ಇನ್ನೂ ಇವೆ. ಕರೆಂಟ್ ಇದೆ. ಹೌದು, ಪಿಕ್ನಿಕ್ ಟೇಬಲ್ ಮೇಲೆ ಇರೋದು ರೈಸ್ ಕುಕ್ಕರ್ರೇ. ಕ್ಯಾಂಪಿಂಗ್ ಅಂದರೆ ಬ್ರೆಡ್ ತಿಂದು ಮಲಗಬೇಕು ಅನ್ನೋದು ಯಾವ ಶಾಸ್ತ್ರ? ಮಕ್ಕಳು ಮರಳಿನಲ್ಲಿ ಓಡಿ ಓಡಿ ಸುಸ್ತಾಗಿ ಬಂದಾಗ ಬಿಸಿ ಅನ್ನ, ಸಾರು ಸಿಕ್ಕಿದರೆ ಅದಕ್ಕಿಂತ ಸುಖ ಇಲ್ಲ.

ಬುಕಿಂಗ್ ಬಗ್ಗೆ ತುಂಬಾ ಜನ ಕೇಳ್ತೀರಿ. ಇಲ್ಲಿ ಆರು ತಿಂಗಳು ಮುಂಚೆ ಸೈಟಿನ ಬುಕಿಂಗ್ ತೆರೆಯುತ್ತದೆ. ಜುಲೈ ಶನಿವಾರ ಬೇಕು ಅಂದರೆ ಜನವರಿಯ ಚಳಿಯಲ್ಲಿ ಬೆಳಿಗ್ಗೆ ಎದ್ದು ಕಂಪ್ಯೂಟರ್ ಮುಂದೆ ಕೂರಬೇಕು. ಈ ಪದ್ಧತಿ ನನಗೆ ಇಷ್ಟವಿಲ್ಲ. ಆದರೆ ಬೇರೆ ದಾರಿ ಏನು ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರ ಇಲ್ಲ.

ಈಗ ಸೌದೆ. ಈ ಶಾಟ್ ಉದ್ದ ಇದೆ, ನಾನೂ ಉದ್ದಕ್ಕೇ ಹೇಳುತ್ತೇನೆ.

ಈ ಕಟ್ಟು ದಾರಿಯ ಅಂಗಡಿಯೊಂದರಲ್ಲಿ ತಗೊಂಡಿದ್ದು. 9 ಡಾಲರ್. ಒಳಗೆ ಆರು ತುಂಡು. ಹೊರಗಡೆ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದ್ದಾರೆ, ನೋಡೋಕೆ ಚೆನ್ನಾಗಿದೆ. ಬಿಚ್ಚಿದಾಗ ಹಸಿ ಮರದ ವಾಸನೆ ಬಂತು. ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ, ತುಂಡಿನ ಕೊನೆ ನೋಡಿ. ಬೆಂಕಿಯ ಶಾಖಕ್ಕೆ ಒಳಗಿನ ನೀರು ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತಿದೆ. ಕಂದು ಬಣ್ಣದ ನೊರೆ. ಜುಯ್ ಅಂತ ಸದ್ದು ಕೇಳಿಸ್ತಾ? ಅದು ಉರಿಯೋ ಸದ್ದಲ್ಲ, ಬೇಯೋ ಸದ್ದು. ಒಣಗಿದ ಸೌದೆ ಒಂದಕ್ಕೊಂದು ತಟ್ಟಿದರೆ ಟಣ್ ಅನ್ನುತ್ತೆ. ಇದು ದಪ್ ಅಂತು. ಅಮ್ಮ ಕೈಯಲ್ಲಿ ಎತ್ತಿ ನೋಡಿದ ತಕ್ಷಣ, "ಇದು ಈ ವರ್ಷ ಕಡಿದ ಮರ ಕಣೇ, ತೂಕ ನೋಡು" ಅಂದರು. ಸೌದೆ ಒಲೆಯಲ್ಲಿ ಅಡುಗೆ ಮಾಡಿ ಬೆಳೆದವರು ಅವರು. ಕಣ್ಣು ತಪ್ಪಲ್ಲ.

ಒಂದು ಗಂಟೆಯಾದರೂ ಬರೀ ಹೊಗೆ. ನನ್ನ ಗಂಡ ರಟ್ಟಿನ ಪೆಟ್ಟಿಗೆ ಹರಿದು ಬೀಸುತ್ತಿದ್ದಾರೆ. ಮಕ್ಕಳು ಜೋಳ ಹಿಡಿದುಕೊಂಡು ಕಾಯುತ್ತಿದ್ದಾರೆ. ಆಗಸ್ಟ್ ಜೋಳ, ಬರೋವಾಗ ಹೊಲದ ಪಕ್ಕದ ತಳ್ಳುಗಾಡಿಯಲ್ಲಿ ತಗೊಂಡಿದ್ದು, ಉಗುರು ಒತ್ತಿದರೆ ಹಾಲು ಬರುವಂಥದ್ದು. ಅದನ್ನ ಕೊನೆಗೆ ಗ್ಯಾಸ್ ಸ್ಟೌ ಮೇಲೆ ಸುಟ್ಟೆವು. ನನಗೆ ನಿಜಕ್ಕೂ ಸಿಟ್ಟು ಬಂತು. 9 ಡಾಲರ್ ದೊಡ್ಡ ದುಡ್ಡು ಅಂತಲ್ಲ. ಮಾರೋವನಿಗೆ ಹಸಿ ಮರ ಅಂತ ಗೊತ್ತಿರುತ್ತೆ. ಗೊತ್ತಿದ್ದೂ ಪ್ಲಾಸ್ಟಿಕ್ ಸುತ್ತಿ ಕೊಡೋದು ಮೋಸ. ಇನ್ನೇನು ಹೇಳಲಿ ಅದಕ್ಕೆ?

ಮನೆಯಿಂದಲೇ ಒಣ ಸೌದೆ ತರಬಹುದಿತ್ತಲ್ಲ ಅಂತ ಕಾಮೆಂಟ್ ಹಾಕ್ತೀರಿ, ಗೊತ್ತು. ತರಬಾರದು. ದಯವಿಟ್ಟು ಯಾರೂ ತರಬೇಡಿ. ಎಮರಾಲ್ಡ್ ಆಶ್ ಬೋರರ್ ಅಂತ ಒಂದು ಹುಳ ಇದೆ. ಮಿರಮಿರ ಮಿಂಚುವ ಹಸಿರು, ಅರ್ಧ ಇಂಚಿನಷ್ಟಿರುತ್ತೆ. ಪೂರ್ವ ಏಷ್ಯಾದ್ದು. ಈ ದೇಶದಲ್ಲಿ ಅದನ್ನು ಮೊದಲು ಗುರುತಿಸಿದ್ದು 2002ರಲ್ಲಿ, ನಮ್ಮ ಡೆಟ್ರಾಯ್ಟ್ ಸುತ್ತಮುತ್ತಲೇ. ಮರದ ಪ್ಯಾಕಿಂಗ್ ಪೆಟ್ಟಿಗೆಗಳ ಜೊತೆ ಹಡಗಿನಲ್ಲಿ ಬಂದಿರಬೇಕು ಅಂತಾರೆ. ಮರಿಹುಳ ಆಶ್ ಮರದ ತೊಗಟೆಯ ಕೆಳಗೆ ಸುತ್ತಿ ಸುತ್ತಿ ತಿನ್ನುತ್ತೆ. ಬೇರಿಂದ ಮೇಲಕ್ಕೆ, ಎಲೆಯಿಂದ ಕೆಳಕ್ಕೆ ಏನೂ ಹರಿಯದ ಹಾಗಾಗಿ ಮರ ಒಣಗುತ್ತೆ. ಮಿಶಿಗನ್ ಒಂದರಲ್ಲೇ ಕೋಟಿಗಟ್ಟಲೆ ಆಶ್ ಮರ ಹೋದವು. ಆ ಹುಳ ತಾನಾಗಿ ಹಾರಿದರೆ ಹೆಚ್ಚು ದೂರ ಹೋಗೋದಿಲ್ಲ. ಆದರೆ ಕಾರಿನ ಡಿಕ್ಕಿಯಲ್ಲಿ ಸೌದೆ ಜೊತೆ ಕೂತರೆ ಒಂದೇ ದಿನದಲ್ಲಿ ರಾಜ್ಯ ದಾಟುತ್ತೆ. ಅದಕ್ಕೇ ಇಲ್ಲಿ ಎಲ್ಲ ಕಡೆ ಬೋರ್ಡು: ಸೌದೆ ಎಲ್ಲಿ ಸುಡ್ತೀರೋ ಅಲ್ಲೇ ಕೊಳ್ಳಿ. ಈ ನಿಯಮದ ಪರ ನಾನು ಪೂರ್ತಿ ಇದ್ದೇನೆ. ಅದಕ್ಕೇ ಹಸಿ ಸೌದೆ ಮಾರುವವರ ಮೇಲೆ ಸಿಟ್ಟು ಇನ್ನೂ ಜಾಸ್ತಿ. ಜನ ಬೇಸತ್ತು ಮನೆಯ ಸೌದೆ ಹೇರಿಕೊಂಡು ಬರೋಕೆ ಶುರು ಮಾಡೋದು ಇಂಥವರಿಂದಲೇ.

ಸರಿ, ಶಾಟ್ ಮುಗಿಯಿತು. ಬೀಚು.

ಮರಳು ಕಿರ್ ಕಿರ್ ಅನ್ನುತ್ತಿದೆ, ಕೇಳಿ. ಚಪ್ಪಲಿ ಸದ್ದಲ್ಲ, ಮರಳೇ. ಬಹುಪಾಲು ಬೆಣಚುಕಲ್ಲಿನ ಪುಡಿ, ಗುಂಡಗೆ ಸವೆದಿದೆ, ಒಣಗಿದ್ದಾಗ ತುಳಿದರೆ ಹೀಗೆ ಕೂಗುತ್ತೆ. ಅಮ್ಮ ನೀರಿಗೆ ಇಳಿದವರೇ ಒಂದು ಬೊಗಸೆ ಬಾಯಿಗೆ ಹಾಕಿಕೊಂಡರು. "ಉಪ್ಪೇ ಇಲ್ವಲ್ಲೇ!" ಇಷ್ಟು ದೊಡ್ಡ ನೀರು ಸಿಹಿ ಅಂದರೆ ನಂಬೋಕೆ ಅವರಿಗೆ ಹೊತ್ತು ಹಿಡಿಯಿತು. ಉದ್ದ 307 ಮೈಲಿ, ಅಗಲ ಇರುವ ಕಡೆ 118 ಮೈಲಿ. ಆಚೆ ದಡ ವಿಸ್ಕಾನ್ಸಿನ್, ಕಾಣೋದಿಲ್ಲ. ಆ ಹೊಗೆ ಬಿಡುತ್ತಿರುವುದು ಎಸ್.ಎಸ್. ಬ್ಯಾಜರ್. 1953ರಿಂದ ಇರುವ ಹಡಗು, ಇವತ್ತಿಗೂ ಕಲ್ಲಿದ್ದಲಲ್ಲೇ ಓಡುತ್ತದೆ. ಕಾರುಗಳನ್ನೂ ಹೊತ್ತುಕೊಂಡು ಲುಡಿಂಗ್ಟನ್‌ನಿಂದ ಆಚೆ ದಡದ ಮ್ಯಾನಿಟೋವಾಕ್‌ಗೆ ಹೋಗುತ್ತೆ, ನಾಲ್ಕು ಗಂಟೆ.

ಸಮುದ್ರ ಅಲ್ಲ ಅಂತ ಸದರ ಮಾಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸಮುದ್ರದಲ್ಲಿ ಒಂದು ಅಲೆ ಹೋಗಿ ಇನ್ನೊಂದು ಬರುವುದರೊಳಗೆ ಉಸಿರು ತಗೊಳ್ಳೋಕೆ ಹೊತ್ತಿರುತ್ತೆ. ಇಲ್ಲಿ ಅಲೆಗಳು ಒಂದರ ಬೆನ್ನಿಗೆ ಒಂದು ಬೇಗ ಬೇಗ ಬರುತ್ತವೆ. ಒಳಗೆ ಎಳೆಯುವ ಸೆಳೆತವೂ ಇದೆ. ಲೈಫ್‌ಗಾರ್ಡ್ ಇಲ್ಲ. ಬಾವುಟ ಇದೆ. ಹಸಿರು, ಹಳದಿ, ಕೆಂಪು, ಎರಡು ಕೆಂಪು. ಎರಡು ಕೆಂಪು ಬಾವುಟ ಹಾರಿದರೆ ನೀರಿಗೆ ಕಾಲಿಡುವ ಹಾಗೇ ಇಲ್ಲ. ನಾವು ಬಂದ ದಿನ ಒಂದು ಕೆಂಪು ಇತ್ತು. ಮಕ್ಕಳು ಅತ್ತರು. ಅಳಲಿ. ಮೊಣಕಾಲಿನ ಮೇಲಕ್ಕೆ ಬಿಡಲಿಲ್ಲ.

ಮರುದಿನ ಬಾವುಟ ಹಸಿರಾಯಿತು, ಆದರೆ ನೀರು ಐಸು. ಹಿಂದಿನ ಸಂಜೆ ಬೆಚ್ಚಗಿದ್ದದ್ದು ರಾತ್ರಿ ಕಳೆಯುವುದರೊಳಗೆ ಹೀಗೆ. ಗಾಳಿ ತಿರುಗಿತ್ತು. ನೆಲದ ಕಡೆಯಿಂದ ಬೀಸುವ ಗಾಳಿ ಮೇಲಿನ ಬೆಚ್ಚನೆ ನೀರನ್ನು ಆಚೆ ತಳ್ಳುತ್ತದೆ, ತಳದ ತಣ್ಣನೆ ನೀರು ದಡಕ್ಕೆ ಏಳುತ್ತದೆ. ಅದೇ ಗಾಳಿಗೆ ನೊಣವೂ ಬಂತು. ನೋಡೋಕೆ ಮನೆ ನೊಣ. ಕಚ್ಚೋದು ಮಾತ್ರ ಪಾದದ ಗಂಟಿಗೇ, ಕಾಲುಚೀಲದ ಮೇಲಿಂದಲೇ. ಬೀಚ್ ಬೇಡ ಅಂತ ಎದ್ದೆವು.

ದಿಬ್ಬ ಹತ್ತುವ ಶಾಟ್ ಇದು. ಮರದ ಹಲಗೆ ಹಾಕಿದ ದಾರಿ ಬಿಟ್ಟು ಹತ್ತಬೇಡಿ. ಈ ಹುಲ್ಲು ನೋಡಿ, ಮ್ಯಾರಮ್ ಹುಲ್ಲು. ಮೇಲೆ ಅಷ್ಟೇನಿಲ್ಲ, ಕೆಳಗೆ ಬೇರು ಬಲೆ ಹೆಣೆದಿರುತ್ತದೆ. ಮರಳು ಬಂದು ಮುಚ್ಚಿದರೆ ಸಾಯೋದಿಲ್ಲ, ಇನ್ನೂ ಮೇಲಕ್ಕೆ ಚಿಗುರುತ್ತದೆ. ದಿಬ್ಬ ನಿಂತಿರುವುದೇ ಇದರಿಂದ. ಪಕ್ಕದಲ್ಲಿ ಬೂದಿ ಬಣ್ಣದ ಎಲೆಯ ಗಿಡ ಇದೆಯಲ್ಲ, ಅದು ಪಿಚರ್ಸ್ ಥಿಸಲ್. ಈ ದೊಡ್ಡ ಸರೋವರಗಳ ದಂಡೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯೋದಿಲ್ಲ. ಐದರಿಂದ ಎಂಟು ವರ್ಷ ನೆಲಕ್ಕೆ ಅಂಟಿಕೊಂಡು ಬರೀ ಎಲೆಯಾಗಿರುತ್ತದೆ. ಆಮೇಲೆ ಒಂದೇ ಒಂದು ಸಲ ಹೂ ಬಿಟ್ಟು ಸಾಯುತ್ತದೆ. ಫೋಟೋಗೋಸ್ಕರ ಯಾರೋ ಅದರ ಮೇಲೆ ಕಾಲಿಟ್ಟರೆ ಅಷ್ಟೂ ವರ್ಷ ಹೋಯಿತು.

ಅಮ್ಮ ಮೇಲೆ ಬಂದು ನಿಂತವರು ಸುಮ್ನೆ ನೋಡಿದರು. ಆಮೇಲೆ, "ತಲಕಾಡು" ಅಂದರು. ಅವರ ಬಾಲ್ಯವೆಲ್ಲ ಆ ಮರಳಿನಲ್ಲೇ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೊಳಗಿಂದ ತೆಗೆದ ಗುಡಿಗಳು. ಅಲಮೇಲಮ್ಮನ ಕಥೆ ನಿಮಗೆಲ್ಲ ಗೊತ್ತು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ. ಮೊಮ್ಮಕ್ಕಳನ್ನ ಕೂರಿಸಿಕೊಂಡು ಪೂರ್ತಿ ಹೇಳಿದರು. ಅದನ್ನ ಎಡಿಟ್ ಮಾಡಿಲ್ಲ, ಕೇಳಿ.

ಅದಕ್ಕೆ ನಾನು ಇಲ್ಲಿನ ಕಥೆ ಸೇರಿಸಿದೆ. ಇಲ್ಲಿಂದ ದಕ್ಷಿಣಕ್ಕೆ, ಸಾಗಟಕ್ ಹತ್ತಿರ, ಇದೇ ಸರೋವರದ ದಂಡೆಯಲ್ಲಿ ಸಿಂಗಪುರ ಅಂತ ಊರಿತ್ತು. ನಿಜವಾಗಲೂ ಅದೇ ಹೆಸರು. ಮರ ಕೊಯ್ಯುವ ಮಿಲ್ಲುಗಳ ಊರು. 1871ರಲ್ಲಿ ಶಿಕಾಗೊ ಸುಟ್ಟುಹೋಯಿತು, ಹತ್ತಿರದ ಹಾಲೆಂಡ್ ಊರೂ ಸುಟ್ಟಿತು. ಮತ್ತೆ ಮನೆ ಕಟ್ಟೋಕೆ ಮರ ಬೇಕಲ್ಲ. ಸುತ್ತಲಿನ ಕಾಡು ಕಡಿದು ಕಡಿದು ಕಳಿಸಿದರು. ಮರ ಹೋದ ಮೇಲೆ ದಿಬ್ಬವನ್ನು ಹಿಡಿಯುವವರು ಯಾರೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಊರಿನ ಮೇಲೆ ಮರಳು ಬಂತು. ಈಗ ಊರು ಮರಳಿನ ಕೆಳಗಿದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಯಾರು ಶಾಪ ಹಾಕಿದ್ದು?" ಯಾರೂ ಇಲ್ಲಮ್ಮ, ಕೊಡಲಿ, ಗರಗಸ ಅಷ್ಟೇ ಅಂದೆ. ಮಗಳು ಆಮೇಲೆ ಹುಲ್ಲಿನ ಪಕ್ಕದಲ್ಲಿ ಎಷ್ಟು ಹುಷಾರಾಗಿ ನಡೆದಳು ನೋಡಿ. ನಾನು ಹೇಳಿಕೊಟ್ಟಿದ್ದಲ್ಲ ಅದು.

ಸರಿ, ಹೊಳೆ. ಪಾರ್ಕಿನ ಒಂದು ಕಡೆ ಲೇಕ್ ಮಿಶಿಗನ್, ಇನ್ನೊಂದು ಕಡೆ ಹ್ಯಾಮ್ಲಿನ್ ಲೇಕ್. ನಡುವೆ ಹರಿಯೋದು ಬಿಗ್ ಸೇಬಲ್ ಹೊಳೆ, ಸುಮಾರು ಒಂದು ಮೈಲಿ. ಟ್ಯೂಬಿನಲ್ಲಿ ಕೂತರೆ ಸಾಕು, ಹೊಳೆಯೇ ಕರೆದುಕೊಂಡು ಹೋಗುತ್ತದೆ. ಹ್ಯಾಮ್ಲಿನ್ ನೀರು ಬೆಚ್ಚಗಿರುತ್ತೆ. ಮಕ್ಕಳು ಚಿಕ್ಕವರಿದ್ದರೆ ಮೊದಲು ಇಲ್ಲಿಗೇ ಬನ್ನಿ. ಇಷ್ಟು ಶಾಂತವಾಗಿದೆ, ಆದರೆ ಮರದ ದಿಮ್ಮಿ ತೇಲಿಸೋಕೆ ಕಟ್ಟಿದ್ದ ಹಳೇ ಅಣೆಕಟ್ಟು 1888ರಲ್ಲಿ ಒಡೆದು, ಕೆಳಗಿದ್ದ ಹ್ಯಾಮ್ಲಿನ್ ಹಳ್ಳಿಯನ್ನೇ ಕೊಚ್ಚಿಕೊಂಡು ಹೋಗಿತ್ತು.

ಲೈಟ್‌ಹೌಸ್ ವಿಷಯ. ಹೋಗುವಾಗ ಕ್ಯಾಮೆರಾದಲ್ಲಿ, "ಮಕ್ಕಳನ್ನ ಕರ್ಕೊಂಡು ಇಷ್ಟು ದೂರ ಬೇಡವೇ ಬೇಡ" ಅಂತ ಹೇಳಿದ್ದೇನೆ. ಆ ತುಣುಕನ್ನ ಹಾಗೇ ಬಿಟ್ಟಿದ್ದೇನೆ. ಕ್ಯಾಂಪ್‌ಗ್ರೌಂಡ್‌ನಿಂದ ಹೆಚ್ಚುಕಡಿಮೆ ಎರಡು ಮೈಲಿ, ಕಾರು ಬಿಡೋದಿಲ್ಲ, ನೆರಳು ಕಡಿಮೆ. ಆದರೆ ತಿರುವಿನಲ್ಲಿ ಬಿಗ್ ಸೇಬಲ್ ಪಾಯಿಂಟ್ ಲೈಟ್‌ಹೌಸ್ ಕಂಡ ಕೂಡಲೇ ಮನಸ್ಸು ಬದಲಾಯಿತು. ಬಿಳಿ, ನಡುವೆ ಕಪ್ಪು ಪಟ್ಟಿ, 112 ಅಡಿ. 1867ರದ್ದು. ಇಟ್ಟಿಗೆ ಸವೆಯುತ್ತಿದೆ ಅಂತ 1900ರಲ್ಲಿ ಕಬ್ಬಿಣದ ತಗಡು ಹೊದಿಸಿದರು. 130 ಮೆಟ್ಟಿಲು. ಅಮ್ಮ ಕೆಳಗೆ ಕೂತರು, ನಾವು ಹತ್ತಿದೆವು. ಮೇಲಿಂದ ನೋಡಿ, ಒಂದು ಮನೆ ಇಲ್ಲ, ಮರಳು, ಕಾಡು, ನೀರು ಅಷ್ಟೇ. ಇಡೀ ಪಾರ್ಕಿನಲ್ಲಿ ಒಂದೇ ಕಡೆ ಹೋಗೋಕೆ ಸಮಯ ಇದ್ದರೆ ಇಲ್ಲಿಗೆ ಹೋಗಿ. ಹೌದು, ಹೊಳೆ ಆಮೇಲೆ.

ಇದು ಕೊನೇ ರಾತ್ರಿ. ಸೂರ್ಯ ಮುಳುಗೋದೇ ಒಂಬತ್ತು ಗಂಟೆಗೆ. ಟೈಮ್ ಜೋನಿನ ಪಶ್ಚಿಮದ ಅಂಚಿನಲ್ಲಿದ್ದೇವಲ್ಲ, ಅದಕ್ಕೆ. ಮಕ್ಕಳನ್ನ ಬೇಗ ಮಲಗಿಸೋ ಆಸೆ ಬಿಟ್ಟುಬಿಡಿ. ಇವತ್ತಿನ ಸೌದೆ ಬೇರೆ ಕಡೆಯದು. ಗೂಡಿನಲ್ಲಿ ಕಾಯಿಸಿ ಒಣಗಿಸಿದ್ದು ಅಂತ ಕಟ್ಟಿನ ಮೇಲೆ ಚೀಟಿ ಇತ್ತು. ಹಾಗೆ ಕಾಯಿಸಿದರೆ ಒಳಗಿನ ಹುಳವೂ ಸಾಯುತ್ತದೆ. ಸ್ವಲ್ಪ ದುಬಾರಿ. ಕೊಡೋಣ, ತೊಂದರೆ ಇಲ್ಲ. ಅಮ್ಮ ಅಂಗಡಿಯಲ್ಲೇ ತಟ್ಟಿ ನೋಡಿ ಆರಿಸಿದರು. ಒಂದೇ ಕಡ್ಡಿಗೆ ಹತ್ತಿತು. ಉಳಿದ ಜೋಳ ಕೆಂಡದ ಮೇಲೆ, ಉಪ್ಪು, ಖಾರದ ಪುಡಿ, ನಿಂಬೆಹಣ್ಣು. ಪಕ್ಕದ ಸೈಟಿನ ಮಕ್ಕಳು ವಾಸನೆಗೇ ಬಂದರು, ಅವರಿಗೂ ಕೊಟ್ಟೆವು. ಖಾರ ಅಂತ ಬಾಯಿ ಊದಿಕೊಂಡು ಇನ್ನೊಂದು ಕೇಳಿದರು.

ಬೆಳಿಗ್ಗೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಸೈಟು ಖಾಲಿ ಮಾಡಬೇಕು. ಟೆಂಟನ್ನು ಎಷ್ಟು ಕೊಡವಿದರೂ ಮರಳು ಉದುರುತ್ತಲೇ ಇದೆ. ಮಿಕ್ಕ ಸೌದೆ ಪಕ್ಕದವರಿಗೆ ಕೊಡುತ್ತಿದ್ದಾರೆ ನನ್ನ ಗಂಡ, ಅದನ್ನ ಕ್ಯಾಂಟನ್‌ಗೆ ಹೊತ್ತುಕೊಂಡು ಹೋಗೋ ಹಾಗಿಲ್ಲ. ಹಸಿ ತುಂಡು ಯಾವುದು ಅಂತ ಬಿಡಿಸಿ ಹೇಳಿಯೇ ಕೊಡಿ ಅಂತ ಅಮ್ಮ ಕಾರಿನಿಂದಲೇ ಕೂಗುತ್ತಿದ್ದಾರೆ, ಕೇಳಿಸ್ತಾ?