ವಿಮ್ ಹೇಳೋದು 'ಡಿಲೀಟ್ ವರ್ಡ್', ಹೀಲಿಕ್ಸ್ ಹೇಳೋದು 'ಪದ ಅಳಿಸು'

[ಸ್ಕ್ರೀನ್: ಒಂದೇ ಲೈನ್ ಕೋಡ್, ಕರ್ಸರ್ ಡಬಲ್ ಕೋಟ್ಸ್ ಒಳಗೆ]

ವಿಮ್, ಹೀಲಿಕ್ಸ್ ಎರಡೂ ಮೌಸ್ ಇಲ್ದೆ ಕೀಬೋರ್ಡ್‌ನಲ್ಲೇ ಕೆಲ್ಸ ಮಾಡೋ ಕೋಡ್ ಎಡಿಟರ್‌ಗಳು. ಈ ಲೈನ್ ನೋಡಿ, ಕೋಟ್ಸ್ ಒಳಗೆ ಒಂದು ಉದ್ದನೆ ಎರರ್ ಮೆಸೇಜ್ ಇದೆ, ಅದನ್ನ ಪೂರ್ತಿ ತೆಗೆದು ಬೇರೆ ಬರೀಬೇಕು. ಮೌಸ್‌ನಲ್ಲಿ ಎಳೆಯೋಕೆ ಹೋದ್ರೆ ಒಂದೋ ಕೋಟೂ ಸೇರ್ಕೊಂಡು ಹೋಗುತ್ತೆ, ಇಲ್ಲಾ ಕೊನೇ ಅಕ್ಷರ ಉಳ್ಕೊಳ್ಳುತ್ತೆ. ವಿಮ್‌ನಲ್ಲಿ ಸಿ, ಐ, ಡಬಲ್ ಕೋಟ್, ಅಂದ್ರೆ 'ಚೇಂಜ್ ಇನ್‌ಸೈಡ್ ಕೋಟ್ಸ್', ಅಷ್ಟೇ, ಒಳಗಿದ್ದದ್ದೆಲ್ಲ ಖಾಲಿ, ಟೈಪ್ ಮಾಡೋಕೆ ಶುರು ಮಾಡ್ಬಹುದು.

ಹೀಲಿಕ್ಸ್‌ನಲ್ಲಿ ಎಂ, ಐ, ಡಬಲ್ ಕೋಟ್ ಒತ್ತಿ ಒಳಗಿದ್ದದ್ದನ್ನ ಸೆಲೆಕ್ಟ್ ಮಾಡ್ಬೇಕು, ಆಮೇಲೆ ಸಿ. ಒಂದು ಕೀ ಜಾಸ್ತಿ. ಹಾಗಾದ್ರೆ ವಿಮ್ ಗೆದ್ದಂಗಲ್ವಾ ಅಂತೀರಿ, ನಂಗೂ ಮೊದ್ಲು ಹಾಗೇ ಅನ್ಸಿತ್ತು.

ಆದ್ರೆ ಅಸಲಿ ವ್ಯತ್ಯಾಸ ಇರೋದು ಆರ್ಡರ್‌ನಲ್ಲಿ. ವಿಮ್‌ದು ಇಂಗ್ಲಿಷ್ ವಾಕ್ಯ, 'ಡಿಲೀಟ್ ವರ್ಡ್', ಡಿ ಡಬ್ಲ್ಯೂ, ಕ್ರಿಯಾಪದ ಮೊದ್ಲು. ಹೀಲಿಕ್ಸ್‌ನಲ್ಲಿ ಡಬ್ಲ್ಯೂ ಡಿ, 'ಪದ ಅಳಿಸು', ಪಕ್ಕಾ ಕನ್ನಡದ ಥರ! ಈ ಐಡಿಯಾ ಹೀಲಿಕ್ಸ್ ತಗೊಂಡಿದ್ದು ಕಾಕೂನ್ ಅನ್ನೋ ಎಡಿಟರ್‌ನಿಂದ.

[ಸ್ಕ್ರೀನ್: ಯೂಸರ್ ಡಾಟ್ ನೇಮ್ ಡಾಟ್ ಫಸ್ಟ್]

ಇದ್ರಿಂದ ಏನು ಲಾಭ? ಇಲ್ಲಿ ಮೂರು ಪದ ಇದೆ ಅಂದ್ಕೊಂಡು ವಿಮ್‌ನಲ್ಲಿ ಡಿ 3 ಡಬ್ಲ್ಯೂ ಹೊಡೀರಿ, ಡಾಟ್ ಕೂಡ ಒಂದು ಪದ ಅಂತ ಲೆಕ್ಕ ಆಗಿ ಅರ್ಧಕ್ಕೇ ನಿಂತ್ಬಿಡುತ್ತೆ, ಅದು ಗೊತ್ತಾಗೋದು ಅಳಿಸಿದ್ಮೇಲೆ. ಹೀಲಿಕ್ಸ್‌ನಲ್ಲಿ ವಿ ಒತ್ತಿ ಡಬ್ಲ್ಯೂ ಒತ್ತುತ್ತಾ ಹೋದ್ರೆ ಸೆಲೆಕ್ಷನ್ ಕಣ್ಮುಂದೇನೇ ಬೆಳೆಯುತ್ತೆ, ಸರಿಯಾಗಿದೆ ಅನ್ಸಿದ್ಮೇಲೆ ಡಿ. ವಿಮ್‌ನಲ್ಲೂ ಮೊದ್ಲು ಸೆಲೆಕ್ಟ್ ಮಾಡೋಕೆ ವಿಶುವಲ್ ಮೋಡ್ ಇದ್ಯಲ್ಲ ಅಂತ ಕೇಳ್ಬೇಡಿ, ಇದೆ, ಆದ್ರೆ ಅಲ್ಲಿ ಅದು ಬೇಕಂದಾಗ ಹೋಗೋ ಮೋಡ್, ಇಲ್ಲಿ ಎಡಿಟರ್ ನಡೆಯೋದೇ ಹಾಗೆ.

ನಂಗೆ ತುಂಬಾ ಇಷ್ಟ ಆಗಿದ್ದು ಮಲ್ಟಿಪಲ್ ಕರ್ಸರ್. ಪರ್ಸೆಂಟ್ ಒತ್ತಿದ್ರೆ ಇಡೀ ಫೈಲ್ ಸೆಲೆಕ್ಟ್, ಎಸ್ ಒತ್ತಿ ಹಳೇ ವೇರಿಯಬಲ್ ಹೆಸ್ರು ಕೊಟ್ಟು ಎಂಟರ್, ಸಿಕ್ಕಿದ ಕಡೆಯೆಲ್ಲ ಒಂದೊಂದು ಕರ್ಸರ್, ಆಮೇಲೆ ಸಿ ಒತ್ತಿ ಹೊಸ ಹೆಸ್ರು ಟೈಪ್ ಮಾಡ್ತಿದ್ರೆ ಎಲ್ಲಾ ಕಡೆ ಒಟ್ಟಿಗೇ ಬದಲಾಗುತ್ತೆ.

ಹಾಗಂತ ವಿಮ್ ಬಿಟ್ಬಿಡಿ ಅಂತಲ್ಲ. ವಿಮ್‌ನ ಡಾಟ್ ಕೀ ಹಿಂದಿನ ಬದಲಾವಣೆನ ಇನ್ನೊಂದು ಜಾಗದಲ್ಲಿ ಹಾಗೇ ರಿಪೀಟ್ ಮಾಡುತ್ತೆ, ಹೀಲಿಕ್ಸ್‌ನ ಡಾಟ್ ಅಷ್ಟು ಗಟ್ಟಿ ಇಲ್ಲ. ಪ್ಲಗಿನ್ ಬೇಕಂದ್ರೂ ವಿಮ್, ಇಲ್ಲಾ ಅದ್ರದ್ದೇ ಹೊಸ ರೂಪ ನಿಯೋವಿಮ್ ಕಡೇನೇ ಹೋಗ್ಬೇಕು. ಹೀಲಿಕ್ಸ್‌ನಲ್ಲಿ ಎಲ್‌ಎಸ್‌ಪಿ (ಕೋಡ್ ಸಲಹೆ, ತಪ್ಪು ತೋರ್ಸೋದು), ಟ್ರೀ-ಸಿಟ್ಟರ್ (ಕೋಡ್ ರಚನೆ ಅರ್ಥ ಮಾಡ್ಕೊಂಡು ಬಣ್ಣ ಹಚ್ಚೋದು) ಸಪೋರ್ಟ್ ಒಳಗೇ ಬರುತ್ತೆ, ಕಾನ್ಫಿಗ್ ಬರ್ಕೊಂಡು ಕೂರೋ ವೀಕೆಂಡ್ ಉಳಿಯುತ್ತೆ. ಸರ್ವರ್‌ಗೆ ಲಾಗಿನ್ ಆದ್ರೆ ಮಾತ್ರ ಸಾಮಾನ್ಯವಾಗಿ ಸಿಗೋದು ವಿಐ, ಅಂದ್ರೆ ವಿಮ್‌ನ ಮೂಲ ಎಡಿಟರ್. 1976ರಲ್ಲಿ ಬಿಲ್ ಜಾಯ್ ಬರ್ದಿದ್ದು, ಅವ್ರ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರ್ತು ಎಚ್ ಜೆ ಕೆ ಎಲ್ ಕೀಗಳ ಮೇಲೇ ಇತ್ತು, ಅದಕ್ಕೇ ಇವತ್ತಿಗೂ ಕರ್ಸರ್ ಓಡಾಡೋದು ಅದ್ರಲ್ಲಿ.

ಇಮ್ಯಾಕ್ಸ್ ಅನ್ನೋ ಇನ್ನೊಂದು ಎಡಿಟರ್‌ನವ್ರು ಬೈಬೇಡಿ, ಕಂಟ್ರೋಲ್ ಕೀ ಹಿಡ್ಕೊಂಡೇ ಕೆಲ್ಸ ಮಾಡೋ ಲೋಕ ಅದು, ಅದ್ಕೆ ಬೇರೆ ವಿಡಿಯೋ.

ಈಗ ನನ್ನ ಮಷಿನ್‌ನಲ್ಲಿ ಇರೋದು ಹೀಲಿಕ್ಸ್. ಆದ್ರೂ ಲೈನ್ ಅಳಿಸ್ಬೇಕಂದ್ರೆ ಬೆರಳು ತಾನಾಗೇ ವಿಮ್‌ನ ಥರ ಡಿ ಡಿ ಅಂತ ಹೊಡ್ದುಬಿಡುತ್ತೆ, ಲೈನ್ ಅಲ್ಲೇ ಇರುತ್ತೆ, ಎರಡು ಅಕ್ಷರ ಮಾತ್ರ ಮಾಯ. ಅಂಡೂ ಮಾಡೋಕೆ ಯು, ಯು, ಲೈನ್ ಸೆಲೆಕ್ಟ್‌ಗೆ ಎಕ್ಸ್, ಆಮೇಲೆ ಡಿ.