ಹನ್ನೆರಡನೇ ಬೇಡಿಕೆ

ಕೇಳುಗರೇ, ನಮಸ್ಕಾರ.

ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಹೆಸರು ಹೈಸ್ಕೂಲಿನ ಚರಿತ್ರೆ ಪಾಠದಲ್ಲಿ ಓದಿರುತ್ತೀರಿ. 1517, ವಿಟೆನ್‌ಬರ್ಗ್, 95 ವಾದಗಳು. ಪರೀಕ್ಷೆಗೆ ಅಷ್ಟು ಸಾಕಿತ್ತು, ಅಲ್ವಾ? ನನಗೆ ಇವತ್ತು ಹೇಳಬೇಕಾಗಿರೋದು ಪಾಠ ಮುಗಿದ ಮೇಲಿನ ಕಥೆ. ಲೂಥರ್ ಪೋಪರ ಮುಂದೆ ಇಟ್ಟ ಪ್ರಶ್ನೆಯನ್ನೇ ರೈತರು ಎತ್ತಿಕೊಂಡು ಹೋಗಿ ತಮ್ಮ ದಣಿಗಳ ಮುಂದೆ ಇಟ್ಟ ಕಥೆ.

ಆಗ ಚರ್ಚಿನವರು ಕ್ಷಮಾಪತ್ರ ಮಾರುತ್ತಿದ್ದರು. ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಕಡಿಮೆ. ಆ ದುಡ್ಡಲ್ಲಿ ಅರ್ಧ ರೋಮ್‌ನಲ್ಲಿ ಸಂತ ಪೀಟರ್ ಚರ್ಚು ಕಟ್ಟೋದಕ್ಕೆ, ಇನ್ನರ್ಧ ಮೈಂಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ನ ಸಾಲ ತೀರಿಸೋದಕ್ಕೆ. ಸಾಲ ಯಾಕೆ ಮಾಡಿದ್ದ ಅಂದ್ರೆ, ಆ ಪದವಿ ಹಿಡಿಯೋದಕ್ಕೇ! ಲೂಥರ್ ಇದನ್ನೆಲ್ಲ ಪ್ರಶ್ನಿಸಿದ. 1521ರಲ್ಲಿ ವೋರ್ಮ್ಸ್ ಊರಿನಲ್ಲಿ, 21 ವರ್ಷದ ಚಕ್ರವರ್ತಿ ಐದನೇ ಚಾರ್ಲ್ಸ್ ಎದುರಿಗೆ ಅವನನ್ನು ನಿಲ್ಲಿಸಿ, ಬರೆದದ್ದನ್ನು ವಾಪಸ್ ತಗೋ ಅಂದರು. ಬೈಬಲ್‌ನಿಂದ ಅಥವಾ ಸರಿಯಾದ ತರ್ಕದಿಂದ ನನ್ನ ತಪ್ಪು ತೋರಿಸಿ, ಇಲ್ಲದಿದ್ದರೆ ತಗೊಳ್ಳಲ್ಲ ಅಂದ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮುಂದಿನ ವರ್ಷ, ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಅವನು ಜರ್ಮನ್‌ಗೆ ಅನುವಾದಿಸಿದ್ದು ಅಚ್ಚಾಯಿತು. ಅದುವರೆಗೆ ಲ್ಯಾಟಿನ್ ಬಲ್ಲ ಪಾದ್ರಿ ಹೇಳಿದ್ದೇ ದೇವರ ಮಾತು. ಈಗ ಊರಲ್ಲಿ ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದಿದರೆ ಸುತ್ತ ಕೂತವರಿಗೆಲ್ಲ ಅರ್ಥವಾಗುತ್ತಿತ್ತು. ಕೇಳುತ್ತಾ ಕೇಳುತ್ತಾ ರೈತರಿಗೆ ಒಂದು ಅನುಮಾನ ಬಂತು. ನಾವು ದಣಿಯ ಸೊತ್ತು ಅಂತ ಇದರಲ್ಲಿ ಎಲ್ಲಿ ಬರೆದಿದೆ?

1525ರ ಮಾರ್ಚ್. ದಕ್ಷಿಣ ಜರ್ಮನಿಯ ಮೆಮಿಂಗೆನ್ ಪಟ್ಟಣದಲ್ಲಿ ವ್ಯಾಪಾರಿಗಳ ಸಂಘದ ಮನೆಯೊಂದರಲ್ಲಿ ರೈತರ ಪ್ರತಿನಿಧಿಗಳು ಸೇರಿದರು. ಅದೇ ಹೊತ್ತಿಗೆ ಅವರ ಹನ್ನೆರಡು ಬೇಡಿಕೆಗಳ ಪಟ್ಟಿ ತಯಾರಾಯಿತು. ಬರೆದುಕೊಟ್ಟವನು ಸೆಬಾಸ್ಟಿಯನ್ ಲೋಟ್ಸರ್, ಪ್ರಾಣಿಗಳ ತುಪ್ಪಳದಿಂದ ಉಡುಪು ಹೊಲಿಯುವ ಕಸುಬಿನವನು. ಜೊತೆಗೆ ಕ್ರಿಸ್ಟೋಫ್ ಶಾಪ್ಪೆಲರ್ ಅನ್ನೋ ಆ ಊರಿನ ಬೋಧಕ.

ಮೊದಲನೇದು, ನಮ್ಮ ಚರ್ಚಿನ ಸಭಾಪಾಲಕನನ್ನು ನಾವೇ ಆರಿಸಿಕೊಳ್ಳುತ್ತೇವೆ, ಸರಿಯಿಲ್ಲದಿದ್ದರೆ ನಾವೇ ತೆಗೆಯುತ್ತೇವೆ. ಮೂರನೇದು, ಕ್ರಿಸ್ತ ತನ್ನ ರಕ್ತ ಕೊಟ್ಟು ಎಲ್ಲರನ್ನೂ ಬಿಡಿಸಿದ್ದಾನೆ, ಕುರಿ ಕಾಯುವವನನ್ನೂ ದೊಡ್ಡವರನ್ನೂ, ಹಾಗಾದರೆ ನಾವು ಜೀತದಲ್ಲಿರೋದು ಹೇಗೆ? ಆಮೇಲೆ, ಕಾಡಿನ ಸೌದೆ, ಹೊಳೆಯ ಮೀನು ನಮಗೂ ಸಿಗಬೇಕು, ಬಿಟ್ಟಿ ಚಾಕರಿ ಕಡಿಮೆಯಾಗಬೇಕು. ನನ್ನನ್ನು ಹಿಡಿದು ನಿಲ್ಲಿಸೋದು ಹನ್ನೊಂದನೇದು. ಮನೆಯ ಯಜಮಾನ ಸತ್ತರೆ ಸಾವಿನ ಕಂದಾಯ ಅಂತ ದಣಿಯವರು ಬಂದು, ಕೊಟ್ಟಿಗೆಯಲ್ಲಿರೋ ಒಳ್ಳೆ ದನವನ್ನೇ ಹೊಡೆದುಕೊಂಡು ಹೋಗೋ ಪದ್ಧತಿ ಇತ್ತು. ವಿಧವೆಯರನ್ನೂ ತಬ್ಬಲಿಗಳನ್ನೂ ಹೀಗೆ ದೋಚೋದು ಇನ್ನು ಸಾಕು ಅಂದರು.

ಹನ್ನೆರಡನೇದು ಬೇಡಿಕೆಯೇ ಅಲ್ಲ. ಇದರಲ್ಲಿ ಯಾವುದಾದರೂ ದೇವರ ವಾಕ್ಯಕ್ಕೆ ವಿರುದ್ಧ ಅಂತ ಬೈಬಲ್‌ನಿಂದ ತೋರಿಸಿದರೆ, ಅದನ್ನು ವಾಪಸ್ ತಗೋತೀವಿ ಅಂತ ಬರೆದಿದ್ದರು. ಕೇಳಿದ ಹಾಗಿದೆಯಲ್ವಾ? ವೋರ್ಮ್ಸ್‌ನ ಅದೇ ಮಾತು! ಎರಡೇ ತಿಂಗಳಲ್ಲಿ ಸುಮಾರು 25,000 ಪ್ರತಿ ಅಚ್ಚಾಗಿ ಹರಡಿತು.

ಲೂಥರ್ ಏನು ಮಾಡಿದ? ಮೊದಲಿಗೆ ಎರಡೂ ಕಡೆಯವರಿಗೆ ಬುದ್ಧಿ ಹೇಳಿದ. ದಣಿಗಳೇ, ಇದಕ್ಕೆಲ್ಲ ನೀವೇ ಕಾರಣ ಅಂತ ಬೈದ. ಆದರೆ ರೈತರಿಗೆ, ನಿಮ್ಮ ಸ್ವಾತಂತ್ರ್ಯ ಆತ್ಮದ್ದು, ಮೈಯದ್ದಲ್ಲ ಅಂದ. ಗಲಾಟೆ ಜಾಸ್ತಿಯಾಗಿ ಕೋಟೆ, ಮಠಗಳಿಗೆ ಬೆಂಕಿ ಬಿದ್ದಾಗ ಅವನ ಸಿಟ್ಟು ನೆತ್ತಿಗೇರಿತು. ಹುಚ್ಚು ನಾಯಿಯನ್ನು ಕೊಂದ ಹಾಗೆ ಇವರನ್ನು ಕೊಲ್ಲಿ ಅಂತ ಬರೆದ. ಸುಮ್ನೆ ಬಾಯಿಮಾತಲ್ಲ, ಅಚ್ಚು ಹಾಕಿಸಿದ. ಲೂಥರ್‌ನ ಧೈರ್ಯ ಮೆಚ್ಚುವವನು ನಾನು, ಆದರೂ ಈ ಬರಹಕ್ಕೆ ಏನು ಸಮಜಾಯಿಷಿ ಕೊಡೋದು ಅಂತ ನನಗೆ ತೋಚಿಲ್ಲ. ಅವನನ್ನು ಕಾಪಾಡಿದ್ದೂ ರಾಜರೇ ಅನ್ನೋದು ಮಾತ್ರ ನಿಜ.

ಮೇ 15, ಜರ್ಮನಿಯ ಫ್ರಾಂಕನ್‌ಹೌಸನ್ ಊರು. ಥಾಮಸ್ ಮ್ಯೂಂಟ್ಸರ್ ಅನ್ನೋ ಪಾದ್ರಿಯ ಮಾತು ನಂಬಿ, ಕಾಮನಬಿಲ್ಲಿನ ಬಾವುಟ ಹಿಡಿದು ಗುಡ್ಡದ ಮೇಲೆ ನಿಂತಿದ್ದ ಸಾವಿರಾರು ರೈತರನ್ನು ರಾಜರ ಸೈನ್ಯ ಕೊಚ್ಚಿಹಾಕಿತು. ಆ ಸಾಲಿನಲ್ಲಿ ಲೂಥರ್ ಪಕ್ಷದ ರಾಜನೂ ಇದ್ದ, ಪೋಪರ ಪಕ್ಷದವನೂ ಇದ್ದ. ಧರ್ಮದ ಜಗಳ ಆ ದಿನದ ಮಟ್ಟಿಗೆ ರಜೆ. ಮ್ಯೂಂಟ್ಸರ್‌ನ ತಲೆಯೂ ಹೋಯಿತು.

ಮುಂದಾಳು ಎತ್ತಿದ ಪ್ರಶ್ನೆಯನ್ನು ಕೆಳಗಿನವರು ಇನ್ನೂ ಮುಂದಕ್ಕೆ ಒಯ್ದದ್ದು ಇದೊಂದೇ ಸಲವಲ್ಲ. 1647ರಲ್ಲಿ ಇಂಗ್ಲೆಂಡಿನ ಪಟ್ನಿ ಚರ್ಚಿನಲ್ಲಿ, ರಾಜನ ವಿರುದ್ಧ ಹೋರಾಡಿದ ಸೇನಾನಿ ಕ್ರಾಮ್‌ವೆಲ್‌ನ ಸಿಪಾಯಿಗಳು, ಬಡವನಿಗೂ ವೋಟು ಬೇಕು ಅಂತ ಅವನ ಎದುರಿಗೇ ವಾದಿಸಿದರು. 1649ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್‌ನ ತಲೆ ತೆಗೆದರು. ವೋಟು ಮಾತ್ರ ಕೊಡಲಿಲ್ಲ. ಅದೊಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳ್ತೀನಿ.

ಬೇಡಿಕೆ ಬರೆದುಕೊಟ್ಟ ಲೋಟ್ಸರ್? ಮೆಮಿಂಗೆನ್ ಬಿಟ್ಟು ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ಗೆ ಓಡಿಹೋದ. ಅಲ್ಲಿಂದಾಚೆ ಅವನ ಹೆಸರು ಯಾವ ಕಾಗದದಲ್ಲೂ ಸಿಗೋದಿಲ್ಲ. ರೈತರು ಸೇರಿದ್ದ ಆ ಸಂಘದ ಮನೆ ಮೆಮಿಂಗೆನ್‌ನಲ್ಲಿ ಇವತ್ತಿಗೂ ನಿಂತಿದೆ.

ನಮಸ್ಕಾರ.