ಮುಚ್ಚಿದ ಕಣ್ಣಿನೊಳಗೊಂದು ದೀಪ

ಕೇಳುಗರಿಗೆ ನಮಸ್ಕಾರ.

ಹಬಲ್ ಬಾಹ್ಯಾಕಾಶ ದೂರದರ್ಶಕ ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. ಅದು ನೋಡಬೇಕೆಂದು ಹೊರಟ ನಕ್ಷತ್ರಕ್ಕೆ ಸಾಮಾನ್ಯವಾಗಿ ಆ ಸುತ್ತಿನ ಅರ್ಧದಷ್ಟು ಹೊತ್ತು ಭೂಮಿಯೇ ಅಡ್ಡ ನಿಂತಿರುತ್ತದೆ. ಆ ಹೊತ್ತಿನಲ್ಲಿ ದೂರದರ್ಶಕಕ್ಕೆ ಕೆಲಸವಿಲ್ಲ, ಪಾಪ, ಸುಮ್ಮನೆ ಕಾಯುತ್ತದೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲವಂತೆ. ಹೊರಗಿನದೇನೂ ಕಾಣದ ಆ ವೇಳೆಯಲ್ಲಿ ಅದು ಒಳಗೇ ಒಂದು ಪುಟ್ಟ ದೀಪ ಹೊತ್ತಿಸಿಕೊಂಡು ತನ್ನ ಕ್ಯಾಮೆರಾವನ್ನೇ ಪರೀಕ್ಷೆಗೆ ಕೂರಿಸುತ್ತದೆ. ಇವತ್ತಿನ ಮಾತು ಆ ದೀಪದ ಬಗ್ಗೆ.

ಹಬಲ್ ತೆಗೆದ ಚಿತ್ರಗಳ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಕುತೂಹಲಕ್ಕೆಂದು ಒಮ್ಮೆ ದೀಪದ ಬೆಳಕಿನಲ್ಲಿ ತೆಗೆದ ಚಿತ್ರವೊಂದನ್ನು ತೆರೆದೆ. ನಕ್ಷತ್ರವಿಲ್ಲ, ನೀಹಾರಿಕೆಯಿಲ್ಲ, ಬರೀ ಬೂದು ಬಣ್ಣ. ಮುಚ್ಚಿಬಿಡೋಣ ಎಂದುಕೊಂಡವನು, ಬೆಳಕು ಕತ್ತಲೆಗಳ ಅಂತರವನ್ನು ಸ್ವಲ್ಪ ಹೆಚ್ಚಿಸಿ ನೋಡಿದೆ. ಬೂದು ಬಣ್ಣ ಒಂದೇ ಸಮ ಇರಲಿಲ್ಲ. ಒಂದು ಮೂಲೆ ಕಂದಿತ್ತು. ಅಲ್ಲಲ್ಲಿ ಮಸುಕಾದ ಬಳೆಗಳು, ಮೇಜಿನ ಮೇಲೆ ಒದ್ದೆ ಲೋಟ ಇಟ್ಟು ಎತ್ತಿದ ಗುರುತಿನ ಹಾಗೆ. ಒಂದು ಕ್ಷಣ ಏನೋ ಕಂಡುಹಿಡಿದೆ ಎಂಬ ಭ್ರಮೆಯೂ ಆಯಿತು! ಆಮೇಲೆ ತಿಳಿಯಿತು, ಅವು ಧೂಳಿನ ಕಣಗಳ ನೆರಳು. ಕಣ ಕೂತಿರುವುದು ಬೇಕಾದ ಬಣ್ಣದ ಬೆಳಕನ್ನಷ್ಟೇ ಬಿಡುವ ಫಿಲ್ಟರಿನ ಗಾಜಿನ ಮೇಲೆ, ಬೆಳಕು ಹಿಡಿಯುವ ಸಂವೇದಕದಿಂದ ಸ್ವಲ್ಪ ದೂರದಲ್ಲಿ. ಹಾಗಾಗಿ ನೆರಳು ಚುಕ್ಕೆಯಾಗಿ ಬೀಳದೆ ಬಳೆಯಾಗಿ ಹರಡುತ್ತದೆ.

ಇಂಥ ಚಿತ್ರಕ್ಕೆ ಸಮಬೆಳಕಿನ ಚಿತ್ರ ಎನ್ನೋಣ. ಇದರ ಲೆಕ್ಕ ಸರಳ. 2009ರಲ್ಲಿ ಹಬಲ್‌ಗೆ ಅಳವಡಿಸಿದ ವೈಡ್ ಫೀಲ್ಡ್ ಕ್ಯಾಮೆರಾ 3ರಲ್ಲಿ ಕಣ್ಣಿಗೆ ಕಾಣುವ ಬೆಳಕು ಮತ್ತು ನೇರಳಾತೀತವನ್ನು ಹಿಡಿಯುವ ಎರಡು ಸಂವೇದಕಗಳಿವೆ. ಎರಡೂ ಸೇರಿದರೆ ಒಂದೂವರೆ ಕೋಟಿಗೂ ಮೀರಿ ಪಿಕ್ಸೆಲ್‌ಗಳು. ಒಂದೇ ಅಚ್ಚಿನಲ್ಲಿ ಮಾಡಿದರೂ ಅವುಗಳ ಸ್ವಭಾವ ಒಂದೇ ಅಲ್ಲ. ಒಂದೇ ಬೆಳಕು ಬಿದ್ದಾಗ ಒಂದು ಪಿಕ್ಸೆಲ್ 1000 ಎಂದು ಎಣಿಸಿದರೆ ಪಕ್ಕದ್ದು 970 ಎನ್ನುತ್ತದೆ ಎಂದಿಟ್ಟುಕೊಳ್ಳಿ. ನಾಳೆ ನಕ್ಷತ್ರದ ಬೆಳಕು ಈ ಎರಡನೆಯದರ ಮೇಲೆ ಬಿದ್ದರೆ ಅದು ನೂರಕ್ಕೆ 3ರಷ್ಟು ಮಂಕಾಗಿ ಕಾಣುತ್ತದೆ. ನಮ್ಮ ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಹಾದುಹೋದರೂ ಬೆಳಕು ಕಡಿಮೆಯಾಗುವುದು ನೂರಕ್ಕೆ 1ರಷ್ಟು ಮಾತ್ರ. ಪಿಕ್ಸೆಲ್‌ನ ಸೋಮಾರಿತನದಲ್ಲಿ ಗ್ರಹವೇ ಮುಳುಗಿಹೋಗುತ್ತದೆ. ಆದ್ದರಿಂದ ಆಕಾಶದ ಚಿತ್ರವನ್ನು ಸಮಬೆಳಕಿನ ಚಿತ್ರದಿಂದ, ಪಿಕ್ಸೆಲ್‌ಗೆ ಪಿಕ್ಸೆಲ್‌ನಂತೆ, ಭಾಗಿಸುತ್ತಾರೆ. ಸೋಮಾರಿಯ ಲೆಕ್ಕ ಸರಿಹೋಗುತ್ತದೆ, ಬಳೆಗಳೂ ಮಾಯವಾಗುತ್ತವೆ.

ಭಾಗಿಸುವ ಸಂಖ್ಯೆಯೇ ಒರಟಾಗಿದ್ದರೆ ಬಂದ ಉತ್ತರವೂ ಒರಟೇ. ಬೆಳಕು ಕಣಕಣವಾಗಿ ಬರುವುದರಿಂದ ಎಣಿಕೆಯಲ್ಲಿ ಏರಿಳಿತ ತಪ್ಪದು: ಬೆಳಕು ಬಿದ್ದು ಪಿಕ್ಸೆಲ್‌ನಲ್ಲಿ ಹುಟ್ಟಿದ 10,000 ಎಲೆಕ್ಟ್ರಾನ್ ಎಣಿಸಿದಾಗ ಸುಮಾರು 100 ಹೆಚ್ಚುಕಡಿಮೆ, ಅಂದರೆ ನೂರಕ್ಕೆ 1. ಸಾವಿರಕ್ಕೆ 1ರ ನಿಖರತೆ ಬೇಕೆಂದರೆ 10 ಲಕ್ಷ ಎಣಿಸಬೇಕು. ಆದರೆ ಈ ಸಂವೇದಕದ ಒಂದು ಪಿಕ್ಸೆಲ್‌ನಲ್ಲಿ ಹಿಡಿಸುವುದೇ ಸುಮಾರು 70,000, ಅದರಾಚೆ ತುಂಬಿ ಪಕ್ಕಕ್ಕೆ ಹರಿಯುತ್ತದೆ. ಬೇರೆ ದಾರಿಯಿಲ್ಲ, ಮತ್ತೆ ಮತ್ತೆ ತೆಗೆದು ಕೂಡಿಸಬೇಕು.

ಇಷ್ಟೂ ಕೆಲಸ ಒಂದು ಫಿಲ್ಟರಿಗೆ. ಈ ಕ್ಯಾಮೆರಾದಲ್ಲಿ ಕಾಣುವ ಬೆಳಕು ಮತ್ತು ನೇರಳಾತೀತವನ್ನು ಹಿಡಿಯುವ ಭಾಗವೊಂದರಲ್ಲೇ 62 ಫಿಲ್ಟರ್‌ಗಳಿವೆ. 12 ಚಕ್ರಗಳ ಮೇಲೆ ಕೂತು ಸರದಿಯಂತೆ ಬೆಳಕಿನ ದಾರಿಗೆ ಬರುತ್ತವೆ. ಆ ಚಕ್ರಗಳದ್ದೂ ಒಂದು ಕಥೆ: 1990ರಲ್ಲಿ ಹಬಲ್‌ನ ಮೊದಲ ವೈಡ್ ಫೀಲ್ಡ್ ಕ್ಯಾಮೆರಾದೊಳಗೆ ಮೇಲೆ ಹೋಗಿ, 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳ ಜೊತೆ ಕೆಳಗಿಳಿದು, ದುರಸ್ತಿಯಾಗಿ, 2009ರಲ್ಲಿ ಮತ್ತೆ ಹತ್ತಿದವು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಫಿಲ್ಟರುಗಳ ಹೆಸರು ರೈಲಿನ ಸಂಖ್ಯೆಯಂತೆ ಒಣಒಣವಾಗಿರುತ್ತದೆ. ಎಫ್656ಎನ್ ಎಂದರೆ 656 ನ್ಯಾನೋಮೀಟರ್ ಸುತ್ತಲಿನ ಕಿರಿದಾದ ಪಟ್ಟಿ, ಜಲಜನಕದ ಕೆಂಪು. ಎಫ್606ಡಬ್ಲ್ಯು ಎಂದರೆ ಅಗಲವಾದದ್ದು. ಅಗಲದ ಫಿಲ್ಟರಿನಲ್ಲಿ ದೀಪದ ಬೆಳಕು ಧಾರಾಳವಾಗಿ ನುಗ್ಗುತ್ತದೆ. ಕಿರಿದಾದದ್ದಕ್ಕೆ ದೀಪ ಹೆಚ್ಚು ಹೊತ್ತು ಉರಿಯಬೇಕು. ಟಂಗ್‌ಸ್ಟನ್ ದೀಪಕ್ಕೆ ಕೆಂಪು ಸಲೀಸು, ನೇರಳಾತೀತದಲ್ಲಿ ಅದು ಬಡವ. ಅಲ್ಲಿಗೆ ಡ್ಯೂಟೀರಿಯಂ ದೀಪ ಬೇರೆ ಇದೆ. ಇದರ ಮೇಲೆ ಚಕ್ರದ ತಕರಾರು ಬೇರೆ. ತಿರುಗಿ ನಿಲ್ಲುವಾಗ ಮೋಟರು ಒಂದೇ ಒಂದು ಹೆಜ್ಜೆ ಆಚೆ ನಿಂತರೂ ಸಾಕು, ಧೂಳಿನ ಬಳೆ ಪಕ್ಕಕ್ಕೆ ಸರಿಯುತ್ತದೆ. ಆಗ ಭಾಗಾಕಾರ ಮಾಡಿದರೆ ಒಂದು ಬಳೆ ಹೋಗುವ ಬದಲು ಎರಡಾಗುತ್ತದೆ, ಒಂದು ಕಪ್ಪು, ಒಂದು ಬಿಳಿ.

ಸಂವೇದಕ ಕತ್ತಲೆಯಲ್ಲೂ ಏನೋ ಎಣಿಸುತ್ತಲೇ ಇರುತ್ತದೆ. ಅದನ್ನು ಮುಚ್ಚಿದ ಷಟರ್‌ನ ಹಿಂದೆ ತೆಗೆದ ಕತ್ತಲೆ ಚಿತ್ರದ ನೆರವಿನಿಂದ ಕಳೆಯುತ್ತಾರೆ. ಅದರ ವಿವರ ಇನ್ನೊಂದು ದಿನಕ್ಕಿರಲಿ.

ಹಾಗಾದರೆ ದೀಪ ಹೇಳಿದ್ದೆಲ್ಲ ನಿಜವೇ? ನನ್ನನ್ನು ಕೇಳಿದರೆ, ದೀಪವನ್ನು ನಂಬಬಾರದು, ಬಿಡಲೂ ಬಾರದು. ನಕ್ಷತ್ರದ ಬೆಳಕು 2.4 ಮೀಟರ್ ಅಗಲದ ದೊಡ್ಡ ಕನ್ನಡಿಗೆ ಬಡಿದು, ಚಿಕ್ಕ ಕನ್ನಡಿಗೆ ಹಾರಿ, ಕ್ಯಾಮೆರಾಕ್ಕೆ ಇಳಿಯುತ್ತದೆ. ದೀಪದ ಬೆಳಕು ಆ ಕನ್ನಡಿಗಳನ್ನು ಮುಟ್ಟುವುದೇ ಇಲ್ಲ. ಅದು ಮನೆಯೊಳಗೇ ಹುಟ್ಟಿ ಮನೆಯೊಳಗೇ ಮುಗಿಯುವ ಬೆಳಕು. ಎಷ್ಟೇ ಚದುರಿಸಿದರೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬೀಳುತ್ತದೆ. ಜೊತೆಗೆ ಉರಿದಷ್ಟೂ ದೀಪಕ್ಕೂ ವಯಸ್ಸಾಗುತ್ತದೆ. ಇವತ್ತಿನ ಚಿತ್ರ ಹೋದ ವರ್ಷಕ್ಕಿಂತ ಮಂಕಾಗಿದ್ದರೆ ಸೋತದ್ದು ಕ್ಯಾಮೆರಾವೋ ದೀಪವೋ ಎಂಬ ಪ್ರಶ್ನೆ ಏಳುತ್ತದೆ. ಹೀಗಾಗಿ ಪಕ್ಕಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸ ಕೇಳುವಾಗ ಮಾತ್ರ ದೀಪದ ಮಾತಿಗೆ ಬೆಲೆ. ಸಂವೇದಕದ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸ ಬೇಕೆಂದರೆ ಆಕಾಶಕ್ಕೇ ಹೋಗಬೇಕು. 47 ಟುಕಾನೆ ಎಂಬ ನಕ್ಷತ್ರಗುಚ್ಛವನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಸರಿಸಿ ಚಿತ್ರ ತೆಗೆಯುತ್ತಾರೆ. ಅದೇ ನಕ್ಷತ್ರ ಮೂಲೆಯಲ್ಲಿದ್ದಾಗ ಎಷ್ಟು, ನಡುವೆ ಬಂದಾಗ ಎಷ್ಟು? ನಕ್ಷತ್ರ ಬದಲಾಗಿಲ್ಲ, ಬದಲಾದದ್ದು ಜಾಗ. ಒಟ್ಟು ಬೆಳಕಿನ ಅಳತೆಗಂತೂ ಜಿಡಿ 153, ಜಿಡಿ 71ರಂಥ ಬಿಳಿ ಕುಬ್ಜ ನಕ್ಷತ್ರಗಳೇ ಗಟ್ಟಿ ಬಟ್ಟು.

ಇಷ್ಟಾದರೂ ದೀಪಕ್ಕೆ ಇನ್ನೊಂದು ಕೆಲಸವಿದೆ, ಅದನ್ನು ಯಾವ ನಕ್ಷತ್ರವೂ ಮಾಡಲಾರದು. ಕ್ಯಾಮೆರಾ ಇನ್ನೂ ನೆಲದ ಮೇಲಿದ್ದಾಗಲೇ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡಿತ್ತು. ಕೆಲವೊಮ್ಮೆ ಸಂವೇದಕದ ಮೇಲೆ ಬೋ-ಟೈ ಆಕಾರದ, ಅಂದರೆ ಎರಡು ತ್ರಿಕೋನಗಳು ಮೂತಿ ಕೂಡಿಸಿದಂಥ ಮಚ್ಚೆ. ಸಂವೇದಕಕ್ಕೆ ತಾನು ಹಿಂದೆ ಕಂಡ ಬೆಳಕಿನ ನೆನಪು ಉಳಿದುಬಿಡುತ್ತಿತ್ತು, ಬೆಳಕು ಹಿಡಿಯುವ ಶಕ್ತಿ ಅದರಂತೆ ಬದಲಾಗುತ್ತಿತ್ತು. ಇದಕ್ಕೆ ಹುಡುಕಿದ ಮದ್ದು ಒರಟಾದದ್ದು: ಟಂಗ್‌ಸ್ಟನ್ ದೀಪ ಹಚ್ಚಿ ಪಿಕ್ಸೆಲ್‌ಗಳು ತುಂಬಿ ತುಳುಕುವಷ್ಟು ಬೆಳಕು ಸುರಿಯುವುದು. ನೆನಪೆಲ್ಲ ಕೊಚ್ಚಿಕೊಂಡು ಹೋಗಿ ಸಂವೇದಕ ಒಂದೇ ಸ್ಥಿತಿಗೆ ಬರುತ್ತದೆ.

ಈ ಮದ್ದನ್ನು ನಿಯಮದಂತೆ ಹಾಕುತ್ತಲೇ ಇರುತ್ತಾರೆ. ಮೂರು ಚಿತ್ರಗಳು. ಮೊದಲನೆಯದು ಮಿತವಾದ ಬೆಳಕಿನಲ್ಲಿ, ಮಚ್ಚೆ ಬಂದಿದೆಯೇ ಎಂದು ನೋಡಲು. ಎರಡನೆಯದು ಮಹಾಪೂರ. ಮೂರನೆಯದು ಮತ್ತೆ ಮೊದಲಿನಷ್ಟೇ. ಮೊದಲನೆಯದನ್ನು ಮೂರನೆಯದರಿಂದ ಭಾಗಿಸಿದಾಗ ಬರೀ ಬೂದು ಬಣ್ಣ ಉಳಿದರೆ ಕ್ಯಾಮೆರಾ ಕ್ಷೇಮ. ದೂರದರ್ಶಕ ಅದಕ್ಕೆಲ್ಲ ಕಾಯುವುದಿಲ್ಲ, ಭಾಗಾಕಾರ ನಡೆಯುವುದು ಕೆಳಗೆ, ನೆಲದ ಮೇಲಿನ ಕಂಪ್ಯೂಟರುಗಳಲ್ಲಿ. ಅಷ್ಟರಲ್ಲಿ ಮೇಲೆ ಭೂಮಿಯ ಅಂಚು ಪಕ್ಕಕ್ಕೆ ಸರಿದಿರುತ್ತದೆ. ದೀಪ ಆರಿರುತ್ತದೆ. ಹಳೆಯ ಚಕ್ರವೊಂದು ತಿರುಗಿ, ಬೇಕಾದ ಫಿಲ್ಟರನ್ನು ತಂದು ನಿಲ್ಲಿಸಿ, ಷಟರ್ ತೆರೆಯುತ್ತದೆ.

ನಮಸ್ಕಾರ.